ಆಟ, ಪರದೆ ಮತ್ತು ದೇಹತೂಕ: ಕಲಬುರಗಿ ನಗರ ಹಾಗೂ ಕಮಲಾಪುರದ ಶಾಲಾ ಮಕ್ಕಳನ್ನು ಕುರಿತು

1975ರ ಆಗಸ್ಟ್ 1ರಂದು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರಂಭವಾಯಿತು. 'ಸೈಟ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಯೋಗಕ್ಕೆ ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಒದಗಿಸಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಇದಕ್ಕಾಗಿ ಆಯ್ಕೆ ಮಾಡಲಾಗಿದ್ದು, ಕರ್ನಾಟಕದ ಪಾಲಿಗೆ ಬಂದವು ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಬೆಳಗಿನ ಪ್ರಸಾರವು ಐದರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಮೀಸಲಾಗಿತ್ತು. ಒಂದೊಂದು ಭಾಷೆಗೆ ದೊರೆಯುತ್ತಿದ್ದ ಅವಧಿ ಇಪ್ಪತ್ತೆರಡೂವರೆ ನಿಮಿಷ. ಸಮುದಾಯಕ್ಕೆ ಸೇರಿದ ಒಂದೇ ಪೆಟ್ಟಿಗೆಯ ಮುಂದೆ ಮಕ್ಕಳೆಲ್ಲ ನೆಲದ ಮೇಲೆ ಕುಳಿತು ನೋಡಿ, ಅವಧಿ ಮುಗಿದೊಡನೆ ಎದ್ದು ಹೋಗುತ್ತಿದ್ದರು. 1977ರಲ್ಲಿ ಗುಲಬರ್ಗಾ ನಗರದಲ್ಲಿಯೇ ದೂರದರ್ಶನ ಪ್ರಸಾರ ಕೇಂದ್ರ ಸ್ಥಾಪನೆಗೊಂಡಿತು.

ಈ ಭಾಗದ ಮಗುವಿನ ಬಳಿಗೆ ಪರದೆಯು ಮೊದಲು ಬಂದದ್ದು ಹೀಗೆ: ಮನೆಯ ಹೊರಗೆ, ಹಲವರ ನಡುವೆ, ಅಳೆದು ಕೊಟ್ಟ ಸಮಯದಲ್ಲಿ, ಪಾಠದ ರೂಪದಲ್ಲಿ. ಇಂದು ಅದೇ ವಯಸ್ಸಿನ ಮಗುವಿನ ಕೈಯಲ್ಲಿರುವ ಮೊಬೈಲ್ ಪರದೆಯು ಮನೆಯೊಳಗೆ, ಏಕಾಂತದಲ್ಲಿ, ಮಿತಿಯಿಲ್ಲದೆ ಚಲಿಸುತ್ತದೆ. ಹಳೆಯ ಕಾಲವನ್ನು ಹೊಗಳುವುದು ಇಲ್ಲಿನ ಉದ್ದೇಶವಲ್ಲ. 'ಪರದೆಯ ಅವಧಿ' ಎಂದು ನಾವು ಗಂಟೆಗಳಲ್ಲಿ ಎಣಿಸುವ ಸಂಗತಿಯು ಒಂದೇ ಬಗೆಯದಲ್ಲ ಎಂಬ ಅರಿವಿನಿಂದ ಚರ್ಚೆಯನ್ನು ಆರಂಭಿಸುವುದು ಉಚಿತವೆಂದು ತೋರಿದ್ದರಿಂದ ಈ ಪ್ರಸ್ತಾಪ. ಪ್ರಸ್ತುತ ಲೇಖನದಲ್ಲಿ ಆರರಿಂದ ಹತ್ತು ವರ್ಷದೊಳಗಿನ ಶಾಲಾ ಮಕ್ಕಳ ದೈಹಿಕ ಚಟುವಟಿಕೆ, ಪರದೆ ವೀಕ್ಷಣೆ ಮತ್ತು ದೇಹತೂಕಗಳ ಸಂಬಂಧವನ್ನು ಕಲಬುರಗಿ ನಗರ ಮತ್ತು ಅಲ್ಲಿಂದ ಹುಮನಾಬಾದ್ ಮಾರ್ಗದಲ್ಲಿರುವ ಕಮಲಾಪುರಗಳನ್ನು ಎದುರಿಗಿಟ್ಟುಕೊಂಡು ವಿವೇಚಿಸಲು ಯತ್ನಿಸಲಾಗಿದೆ.

ಈ ಎರಡು ನೆಲೆಗಳ ಆಯ್ಕೆಗೆ ಕಾರಣವಿದೆ. ಕಲಬುರಗಿ ಐದು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ವಿಭಾಗೀಯ ಕೇಂದ್ರ. ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು, ನೂರಾರು ಖಾಸಗಿ ಶಾಲೆಗಳಿರುವ ನಗರ. ಕಮಲಾಪುರವಾದರೋ ಇತ್ತೀಚಿನವರೆಗೆ ಕಲಬುರಗಿ ತಾಲ್ಲೂಕಿನ ಹೋಬಳಿಯಾಗಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕು ಕೇಂದ್ರವಾದ ಊರು. ಕೆಂಪು ಬಾಳೆಗೆ ಹೆಸರಾದ ತೋಟಗಳೂ, ತೊಗರಿ-ಜೋಳದ ಹೊಲಗಳೂ, ಗುಡ್ಡದಂಚಿನ ಬಂಜಾರ ತಾಂಡಾಗಳೂ ಅದರ ಸುತ್ತಲಿವೆ. ಎರಡಕ್ಕೂ ನಡುವೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹವೆ, ಭಾಷೆ, ಆಹಾರದ ಮೂಲ ಧಾನ್ಯ ಇವು ಸಮಾನವಾಗಿದ್ದು ಜೀವನಕ್ರಮ ಮಾತ್ರ ಬೇರೆಯಾಗುವ ಇಂತಹ ಜೋಡಿಯು ಅಧ್ಯಯನಕ್ಕೆ ಅನುಕೂಲಕರ. ಆದರೆ ಈ ಜೋಡಿಯನ್ನು 'ನಗರ' ಮತ್ತು 'ಗ್ರಾಮ' ಎಂಬ ಎರಡು ಶುದ್ಧ ವರ್ಗಗಳೆಂದು ಭಾವಿಸುವುದು ತಪ್ಪು. ಹೆದ್ದಾರಿಯ ಬದಿಯ ಹಳ್ಳಿಗಳಿಂದ ಮಕ್ಕಳು ಬೆಳಿಗ್ಗೆ ಶಾಲಾ ವಾಹನವೇರಿ ಆಂಗ್ಲ ಮಾಧ್ಯಮದ ಶಾಲೆಗಳಿಗೆ ಹೋಗುವುದೂ, ಕೂಲಿಗಾಗಿ ನಗರಕ್ಕೆ ಬಂದ ಕುಟುಂಬಗಳ ಮಕ್ಕಳು ನಗರದ ಸರ್ಕಾರಿ ಶಾಲೆಗಳಲ್ಲಿ ಓದುವುದೂ ಇಲ್ಲಿ ನಿತ್ಯದ ಸಂಗತಿ. ಮಗು ಎಲ್ಲಿ ಮಲಗುತ್ತದೆ ಎಂಬುದರಷ್ಟೇ ಯಾವ ಶಾಲೆಗೆ, ಹೇಗೆ ಹೋಗುತ್ತದೆ ಎಂಬುದೂ ಮುಖ್ಯ.

ತೂಕವೆಂಬ ಅಳತೆ

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ನೀಡುವ ಯೋಜನೆ ಪ್ರಾಯೋಗಿಕವಾಗಿ ಜಾರಿಗೆ ಬಂದಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಧಾರ್ಮಿಕ ಮುಖಂಡರ ವಿರೋಧ ವ್ಯಕ್ತವಾದಾಗ ಮಕ್ಕಳೇ ಮೊಟ್ಟೆಯ ಪರವಾಗಿ ಮಾತನಾಡಿದ್ದು ಸುದ್ದಿಯಾಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಪಡೆದ ಯಾದಗಿರಿ ಜಿಲ್ಲೆಯ ಮಕ್ಕಳನ್ನು ಮೊಟ್ಟೆ ಪಡೆಯದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿ, ಯಾದಗಿರಿಯ ಮಕ್ಕಳಲ್ಲಿ ತೂಕದ ಗಳಿಕೆ ಹೆಚ್ಚೆಂದು ವರದಿ ಮಾಡಿತು. 2022ರಲ್ಲಿ ಯೋಜನೆ ರಾಜ್ಯವ್ಯಾಪಿಯಾಯಿತು. ಅಂದರೆ ಇಲ್ಲಿ ತೂಕದ ಏರಿಕೆಯೇ ಯಶಸ್ಸಿನ ಪ್ರಮಾಣ. ಅದೇ ವರ್ಷಗಳಲ್ಲಿ ನಗರದ ಮಕ್ಕಳ ವೈದ್ಯರು ಪಾಲಕರಿಗೆ ಮಕ್ಕಳ ತೂಕದ ಏರಿಕೆಯ ವಿಷಯದಲ್ಲಿ ಎಚ್ಚರಿಕೆ ನೀಡುತ್ತಿದ್ದರು. ಯಾದಗಿರಿಯ ಕಿಲೋಗ್ರಾಮ್ ಸಂತೋಷದ್ದು, ಕಲಬುರಗಿಯ ಕಿಲೋಗ್ರಾಮ್ ಆತಂಕದ್ದು ಎಂದಾದರೆ, ತೂಕ ಎಂಬ ಪದವು ಎರಡು ಕಡೆಗಳಲ್ಲಿ ಒಂದೇ ಅರ್ಥವನ್ನು ಹೊಂದಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾನದಂಡ ಬಿ.ಎಂ.ಐ. ಎಂದೇ ಪ್ರಚಲಿತವಾಗಿರುವ ದೇಹತೂಕ ಸೂಚ್ಯಂಕ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಇದು ದೊರೆಯುತ್ತದೆ. ವಯಸ್ಕರಿಗೆ ಒಂದೇ ಗೆರೆ ಸಾಕು. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಗೆರೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಆಕರ ಕೋಷ್ಟಕದಂತೆ ಏಳು ವರ್ಷ ತುಂಬಿದ ಬಾಲಕನ ಮಧ್ಯಮ ಸೂಚ್ಯಂಕ 15.5, 17.0ನ್ನು ಮೀರಿದರೆ ಅಧಿಕ ತೂಕ, 19.0ನ್ನು ಮೀರಿದರೆ ಸ್ಥೂಲತೆ, 13.1ಕ್ಕಿಂತ ಕೆಳಗಿದ್ದರೆ ಕೃಶತೆ. ಒಂದು ಲೆಕ್ಕವನ್ನು ಗಮನಿಸಬಹುದು. 120 ಸೆಂಟಿಮೀಟರ್ ಎತ್ತರದ ಏಳು ವರ್ಷದ ಇಬ್ಬರು ಬಾಲಕರಲ್ಲಿ ಒಬ್ಬನ ತೂಕ 18.5 ಕಿಲೋ, ಮತ್ತೊಬ್ಬನದು 25 ಕಿಲೋ ಎಂದಿಟ್ಟುಕೊಂಡರೆ, ಮೊದಲಿನವನ ಸೂಚ್ಯಂಕ 12.8ರಷ್ಟಾಗಿ ಅವನು ಕೃಶನೆನಿಸುತ್ತಾನೆ, ಎರಡನೆಯವನದು 17.4ರಷ್ಟಾಗಿ ಅವನು ಅಧಿಕ ತೂಕದವನೆನಿಸುತ್ತಾನೆ. ಈ ಎರಡು ಹಣೆಪಟ್ಟಿಗಳ ನಡುವಿನ ಅಂತರ ಆರೂವರೆ ಕಿಲೋ ಮಾತ್ರ. ತೂಕದ ಯಂತ್ರವು ಒಂದು ಕಿಲೋ ಹೆಚ್ಚು-ಕಡಿಮೆ ತೋರಿಸಿದರೆ, ಅಥವಾ ಗೋಡೆಗೆ ಅಂಟಿಸಿದ ಅಳತೆಪಟ್ಟಿ ಎರಡು ಸೆಂಟಿಮೀಟರ್ ಮೇಲೆ ಕೆಳಗೆ ಇದ್ದರೆ, ಗೆರೆಯ ಬಳಿಯಿರುವ ಮಗು ಸುಲಭವಾಗಿ ಬೇರೊಂದು ವರ್ಗಕ್ಕೆ ಸೇರಿಬಿಡುತ್ತದೆ.

ಇದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ನಮ್ಮ ಶಾಲೆಗಳ ದಾಖಲಾತಿ ಪುಸ್ತಕವನ್ನು ತೆರೆದವರಿಗೆ ಜೂನ್ 1ರಂದು ಹುಟ್ಟಿದ ಮಕ್ಕಳ ಸಂಖ್ಯೆಯು ಆಶ್ಚರ್ಯವನ್ನುಂಟುಮಾಡದಿರದು. ಶಾಲೆಗೆ ಸೇರಿಸುವಾಗ ಜನ್ಮ ದಾಖಲೆ ಇಲ್ಲದ ಮಗುವಿಗೆ ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಹುಟ್ಟುಹಬ್ಬವಿದು. ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದಂತೆ ಈ ರೂಢಿ ಕಡಿಮೆಯಾಗುತ್ತಿದ್ದರೂ ಪೂರ್ಣವಾಗಿ ಅಳಿದಿಲ್ಲ. ಆರು ತಿಂಗಳ ವ್ಯತ್ಯಾಸವು ಎತ್ತರದ ಕೋಷ್ಟಕದಲ್ಲಿ ಸುಮಾರು ಮೂರು ಸೆಂಟಿಮೀಟರಿಗೆ ಸಮ. ನಿಜವಾದ ವಯಸ್ಸಿಗಿಂತ ದೊಡ್ಡದೆಂದು ದಾಖಲಾದ ಮಗು ಕುಂಠಿತವೆಂದೂ, ಚಿಕ್ಕದೆಂದು ದಾಖಲಾದ ಮಗು ಚೆನ್ನಾಗಿ ಬೆಳೆದಿದೆಯೆಂದೂ ತೋರುತ್ತದೆ. ಅಂಕಿಅಂಶಗಳ ದಶಮಾಂಶಗಳನ್ನು ನಂಬುವ ಮೊದಲು ಈ ಜೂನ್ ಒಂದನ್ನು ನೆನೆಯುವುದು ಒಳ್ಳೆಯದು.

ಎತ್ತರದ ಪ್ರಶ್ನೆ ಇಷ್ಟಕ್ಕೆ ನಿಲ್ಲುವುದಿಲ್ಲ. ಸೂಚ್ಯಂಕವು ತೂಕ ಮತ್ತು ಎತ್ತರಗಳ ಅನುಪಾತವಾದುದರಿಂದ, ಎರಡೂ ಕಡಿಮೆಯಿರುವ ಮಗು ಸಹಜವೆಂದು ತೋರುವ ಸಾಧ್ಯತೆಯಿದೆ. ಬಾಲ್ಯದ ಮೊದಲ ಎರಡು ವರ್ಷಗಳಲ್ಲಿ ಪೋಷಣೆ ಸಾಲದೆ ಕುಬ್ಜವಾದ ಮಗು ಏಳನೆಯ ವಯಸ್ಸಿನಲ್ಲಿ 15ರ ಸೂಚ್ಯಂಕ ಪಡೆದು ಪಟ್ಟಿಯಲ್ಲಿ 'ಆರೋಗ್ಯವಂತ' ಎಂದು ದಾಖಲಾಗುತ್ತದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರಮಾಣವು ಇದಕ್ಕೂ ಹೆಚ್ಚು. ಆ ಮಕ್ಕಳೇ ಈಗ ಪ್ರಾಥಮಿಕ ಶಾಲೆಗಳಲ್ಲಿ ಕುಳಿತಿದ್ದಾರೆ.

ಇದೇ ವಿಷಯಕ್ಕೆ ಸಂಬಂಧಿಸಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆಗಳನ್ನು ಸ್ಮರಿಸಬೇಕು. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದ ಅವರು, ನಮ್ಮ ಶಿಶುಗಳಲ್ಲಿ ಸ್ನಾಯು ಮತ್ತು ಒಳ ಅಂಗಾಂಗಗಳು ಕಿರಿದಾಗಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಅದೇ ಪ್ರಮಾಣದಲ್ಲಿ ಕಡಿಮೆಯಾಗಿಲ್ಲವೆಂದು 2003ರಲ್ಲಿ ತೋರಿಸಿದರು. ಮರುವರ್ಷ ಅವರು ಬ್ರಿಟನ್ನಿನ ಸಹೋದ್ಯೋಗಿ ಯುಡ್ಕಿನ್ ಅವರೊಡನೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಉಳಿದುಬಂದ ಜನನ ದಾಖಲೆಗಳ ಆಧಾರದ ಮೇಲೆ ನಡೆದ ಅಧ್ಯಯನಗಳೂ ಹುಟ್ಟಿದಾಗಿನ ದೇಹರಚನೆಗೂ ಮುಂದಿನ ಮಧುಮೇಹ, ಹೃದ್ರೋಗಗಳಿಗೂ ಇರುವ ನಂಟನ್ನು ಶೋಧಿಸಿವೆ. ಹೀಗಿರುವಾಗ ಕಮಲಾಪುರದ ತೆಳ್ಳನೆಯ ಮಗುವಿಗೆ ಕೊಬ್ಬಿನ ಚಿಂತೆ ಇಲ್ಲವೆನ್ನಲಾಗದು. ತೂಕ ಏರುವಾಗ ಎತ್ತರ ಮತ್ತು ಸ್ನಾಯುಗಳೂ ಏರುತ್ತಿವೆಯೇ, ಇಲ್ಲವೇ ಸೊಂಟದ ಸುತ್ತಳತೆ ಮಾತ್ರ ಏರುತ್ತಿದೆಯೇ ಎಂಬುದೇ ನಿಜವಾದ ಪ್ರಶ್ನೆ. ಮೊಟ್ಟೆಯ ಸಸಾರಜನಕ ಮತ್ತು ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಎರಡೂ ತೂಕವನ್ನು ಏರಿಸಬಲ್ಲವು. ಏರಿದ ತೂಕ ಒಂದೇ ಬಗೆಯದಲ್ಲ.

ಈ ವಯಸ್ಸನ್ನೇ ಏಕೆ ಆರಿಸಿಕೊಳ್ಳಬೇಕು ಎಂಬುದಕ್ಕೆ ಶರೀರಶಾಸ್ತ್ರದ ಕಾರಣವೂ ಉಂಟು. ಶಿಶುವಿನ ಸೂಚ್ಯಂಕವು ಮೊದಲ ವರ್ಷದ ನಂತರ ಇಳಿಯುತ್ತ ಬಂದು ಐದಾರನೆಯ ವಯಸ್ಸಿನಲ್ಲಿ ಕನಿಷ್ಠ ಮಟ್ಟ ತಲುಪಿ ಮತ್ತೆ ಏರತೊಡಗುತ್ತದೆ. ಫ್ರಾನ್ಸಿನ ರೋಲಾಂ-ಕಾಶೆರಾ ಮತ್ತು ಸಂಗಡಿಗರು 1984ರಲ್ಲಿ ತೋರಿಸಿಕೊಟ್ಟಂತೆ, ಈ ಮರು ಏರಿಕೆ ಬೇಗ ಆರಂಭವಾದ ಮಕ್ಕಳಲ್ಲಿ ಮುಂದೆ ಸ್ಥೂಲತೆಯ ಸಂಭವ ಹೆಚ್ಚು. ಒಂದನೆಯ ತರಗತಿಗೆ ಸೇರುವ ಮಗು ಈ ತಿರುವಿನಲ್ಲಿಯೇ ಇರುತ್ತದೆ.

ರಾಷ್ಟ್ರಮಟ್ಟದ ಚಿತ್ರವನ್ನು ಸಂಕ್ಷೇಪವಾಗಿ ಹೇಳುವುದಾದರೆ, 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಐದರಿಂದ ಒಂಬತ್ತು ವಯಸ್ಸಿನ ಮಕ್ಕಳ ಪೈಕಿ ಶೇ. 22 ಕುಬ್ಜರು, ಶೇ. 23 ಕೃಶರು, ಶೇ. 4ರಷ್ಟು ಅಧಿಕ ತೂಕದವರು. ಮೈಸೂರು ನಗರದಲ್ಲಿ ಐದರಿಂದ ಹದಿನಾರು ವಯಸ್ಸಿನ ನಲವತ್ತಮೂರು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಅಳೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಧಿಕ ತೂಕ ಶೇ. 8.5, ಸ್ಥೂಲತೆ ಶೇ. 3.4. ಯುನಿಸೆಫ್ 2025ರಲ್ಲಿ ಪ್ರಕಟಿಸಿದ ವರದಿಯಂತೆ ಜಾಗತಿಕವಾಗಿ ಐದರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ಸ್ಥೂಲತೆಯು ಕಡಿಮೆ ತೂಕವನ್ನು ಮೊದಲ ಬಾರಿಗೆ ಹಿಂದಿಕ್ಕಿದೆ. ಸಹಾರಾದ ದಕ್ಷಿಣದ ಆಫ್ರಿಕ ಮತ್ತು ದಕ್ಷಿಣ ಏಷ್ಯಾಗಳು ಇದಕ್ಕೆ ಅಪವಾದ. ಬೇರೆ ಬೇರೆ ಕೋಷ್ಟಕಗಳನ್ನು ಬಳಸಿದ ಇಂತಹ ಸಂಖ್ಯೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೇರವಾಗಿ ಹೋಲಿಸಲಾಗದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2015ರಲ್ಲಿ ಹೊರತಂದ ಕೋಷ್ಟಕದಲ್ಲಿ ಗೆರೆಗಳು ಬೇರೆಯೇ ಇವೆ.

ಆಟವನ್ನು ಎಣಿಸುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಐದರಿಂದ ಹದಿನೇಳು ವಯಸ್ಸಿನವರು ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ ಮಧ್ಯಮದಿಂದ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ವಾರದಲ್ಲಿ ಮೂರು ದಿನವಾದರೂ ಇರಬೇಕು. ಇದನ್ನು ಅಳೆಯಲು ಸಾಮಾನ್ಯವಾಗಿ ಪ್ರಶ್ನಾವಳಿಯನ್ನು ಬಳಸಲಾಗುತ್ತದೆ. ಪಾಶ್ಚಾತ್ಯ ಪ್ರಶ್ನಾವಳಿಗಳ ಪದಶಃ ಅನುವಾದದಿಂದ ಇಲ್ಲಿ ವಿಚಿತ್ರ ಫಲಿತಾಂಶಗಳು ಬರುತ್ತವೆ. 'ನಿಮ್ಮ ಮಗು ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡುತ್ತದೆ' ಎಂದು ಕೇಳಿದರೆ ಕಮಲಾಪುರದ ತಾಯಿ 'ಇಲ್ಲ' ಎನ್ನುವಳು. ಅವಳ ಪಾಲಿಗೆ ವ್ಯಾಯಾಮವೆಂದರೆ ಗರಡಿಮನೆಯ ಸಾಮು ಅಥವಾ ಶಾಲೆಯ ಕವಾಯತು. ಅದೇ ಮಗು ಬೆಳಿಗ್ಗೆ ನೀರಿನ ಕೊಡ ಹೊತ್ತು, ಶಾಲೆಗೆ ನಡೆದು, ಸಂಜೆ ಆಡಿನ ಹಿಂದೆ ಓಡಿ, ಕತ್ತಲಾಗುವವರೆಗೆ ಲಗೋರಿ, ಚಿಣಿ-ದಾಂಡು ಆಡಿರುತ್ತದೆ. ನಗರದ ತಾಯಿ ಅದೇ ಪ್ರಶ್ನೆಗೆ 'ವಾರಕ್ಕೆರಡು ದಿನ ಕರಾಟೆ ತರಗತಿ' ಎಂದು ಉತ್ತರಿಸುವಳು. ಪ್ರಶ್ನಾವಳಿಯ ಪ್ರಕಾರ ಚಟುವಟಿಕೆಯಿರುವುದು ನಗರದ ಮಗುವಿನಲ್ಲಿ! ಹತ್ತರೊಳಗಿನ ಮಕ್ಕಳು ಸ್ವತಃ ನಿಮಿಷಗಳ ಲೆಕ್ಕ ಹೇಳಲಾರರು. ಸೊಂಟಕ್ಕೆ ಕಟ್ಟುವ ಚಲನಮಾಪಕಗಳು ಈ ದೋಷವನ್ನು ಬಹುಮಟ್ಟಿಗೆ ನಿವಾರಿಸುತ್ತವೆಯಾದರೂ, ತಲೆಯ ಮೇಲಿನ ಕೊಡದ ಭಾರ ಅವುಗಳಿಗೆ ತಿಳಿಯದು.

ಮತ್ತೊಂದು ಸೂಕ್ಷ್ಮವಿದೆ. ದುಡಿಮೆಯನ್ನು ಆಟದ ಲೆಕ್ಕಕ್ಕೆ ಸೇರಿಸಿ ಸಮಾಧಾನಪಡುವುದು ಸರಿಯಲ್ಲ. ನೀರು ಹೊರುವ, ತಮ್ಮನನ್ನು ಎತ್ತಿಕೊಂಡು ತಿರುಗುವ ಎಂಟು ವರ್ಷದ ಹುಡುಗಿಯ ಶಕ್ತಿವ್ಯಯ ದೊಡ್ಡದು. ಅದಕ್ಕೆ ಪ್ರತಿಯಾಗಿ ದೊರೆಯುವ ಆಹಾರ ಚಿಕ್ಕದು. ಅವಳಿಗೆ 'ಇನ್ನಷ್ಟು ಚಟುವಟಿಕೆ' ಎಂಬ ಸಲಹೆ ನೀಡುವುದು ಕ್ರೌರ್ಯವಾದೀತು. ಅವಳಿಗೆ ಬೇಕಾದದ್ದು ಬಿಡುವು, ಆ ಬಿಡುವಿನಲ್ಲಿ ಆಡುವ ಸ್ವಾತಂತ್ರ್ಯ ಮತ್ತು ಹೊಟ್ಟೆತುಂಬ ಊಟ.

ನಗರದಲ್ಲಿ ಸಮಸ್ಯೆ ಸ್ಥಳದ್ದು. ಅಪ್ಪನ ಕೆರೆಯ ದಂಡೆ, ಸಾರ್ವಜನಿಕ ಉದ್ಯಾನ, ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇವು ಕಲಬುರಗಿಯಲ್ಲಿವೆ. ಆದರೆ ವರ್ತುಲ ರಸ್ತೆಯಾಚೆಯ ಬಡಾವಣೆಯ ಆರು ವರ್ಷದ ಮಗು ಅಲ್ಲಿಗೆ ತಾನಾಗಿ ಹೋಗಲಾರದು. ಹಿರಿಯರು ಕರೆದೊಯ್ದಾಗ ಮಾತ್ರ ಆಟ. ಬಾಡಿಗೆ ಕಟ್ಟಡದಲ್ಲಿ ನಡೆಯುವ ಶಾಲೆ, ಎಂಟು-ಹತ್ತು ಮಕ್ಕಳನ್ನು ತುಂಬಿಕೊಂಡು ಹೋಗುವ ಆಟೊ, ಮನೆಗೆ ಬಂದ ಮೇಲೆ ಟ್ಯೂಷನ್: ಈ ಕ್ರಮದಲ್ಲಿ ಮಗುವಿನ ಕಾಲಿಗೆ ಕೆಲಸವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಅದರ ವಿಸ್ತೀರ್ಣವನ್ನು ಮಾತ್ರ ಹೇಳುವುದಿಲ್ಲ. ಅದೇ ಅನುಸೂಚಿಯಲ್ಲಿ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂಬ ನಿಯಮವು ಆರರಿಂದ ಎಂಟನೆಯ ತರಗತಿಯ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಅನ್ವಯಿಸುತ್ತದೆ. ಒಂದರಿಂದ ಐದನೆಯ ತರಗತಿಯವರಿಗೆ, ಅಂದರೆ ಮೇಲೆ ಹೇಳಿದ ತಿರುವಿನಲ್ಲಿರುವ ಮಕ್ಕಳಿಗೆ, ದೈಹಿಕ ಶಿಕ್ಷಕರ ಅಗತ್ಯವನ್ನು ಈ ಅನುಸೂಚಿಯು ಕಾಣಲಿಲ್ಲ. ತೂಕದ ಚರ್ಚೆಗಳಲ್ಲಿ ಪಾಲಕರನ್ನು ದೂಷಿಸುವ ಉಪನ್ಯಾಸಗಳು ಬೇಕಾದಷ್ಟಿವೆ. ಈ ಒಂದು ಲೋಪದ ಕಡೆಗೆ ಗಮನ ಹರಿದದ್ದು ಕಡಿಮೆಯೆಂದೇ ನನ್ನ ಭಾವನೆ.

ಪರದೆಯು ತೂಕವನ್ನು ಏರಿಸುವ ದಾರಿಗಳು

ಪರದೆ ನೋಡುವ ಮಗು ಆಡುವುದಿಲ್ಲ, ಆಡದ ಮಗು ದಪ್ಪವಾಗುತ್ತದೆ ಎಂಬುದು ಸರಳ ತರ್ಕ. ವಾಸ್ತವವು ಅಷ್ಟು ಸರಳವಲ್ಲ. ಅಮೆರಿಕದ ಸ್ಯಾನ್ ಹೊಸೆ ನಗರದ ಎರಡು ಶಾಲೆಗಳ ಮೂರು ಮತ್ತು ನಾಲ್ಕನೆಯ ತರಗತಿಯ 192 ಮಕ್ಕಳ ಮೇಲೆ ಥಾಮಸ್ ರಾಬಿನ್ಸನ್ ನಡೆಸಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಒಂದು ಶಾಲೆಯ ಮಕ್ಕಳಿಗೆ ದೂರದರ್ಶನ ಮತ್ತು ವಿಡಿಯೊ ಆಟಗಳನ್ನು ಕಡಿಮೆಮಾಡಿಕೊಳ್ಳುವ ಪಾಠವನ್ನು ಮಾತ್ರ ಹೇಳಿಕೊಡಲಾಯಿತು. ಆಹಾರದ ಬಗೆಗಾಗಲಿ ವ್ಯಾಯಾಮದ ಬಗೆಗಾಗಲಿ ಏನನ್ನೂ ಹೇಳಲಿಲ್ಲ. ವರ್ಷಾಂತ್ಯದಲ್ಲಿ ಆ ಮಕ್ಕಳ ಸೂಚ್ಯಂಕದ ಏರಿಕೆ ಇನ್ನೊಂದು ಶಾಲೆಯವರಿಗಿಂತ ಕಡಿಮೆಯಿತ್ತು. ಆದರೆ ಅವರ ದೈಹಿಕ ಚಟುವಟಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ಪರದೆಯ ಮುಂದೆ ಕುಳಿತು ಮಾಡುವ ಊಟಗಳ ಸಂಖ್ಯೆ. ಹಾಗಾದರೆ ಪರದೆಯ ಹಾನಿಯ ಒಂದು ಮುಖ್ಯ ದಾರಿ ಕಾಲಿನದಲ್ಲ, ಬಾಯಿಯದು. ಕಣ್ಣು ಪರದೆಯಲ್ಲಿ ನೆಟ್ಟಿರುವಾಗ ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದಿಲ್ಲ. ಮೊಬೈಲ್ ತೋರಿಸಿ ತುತ್ತು ಉಣಿಸುವ ರೂಢಿ ಇಂದು ನಗರ-ಹಳ್ಳಿಗಳೆರಡರಲ್ಲೂ ಕಾಣುವಂತಹದು. ಉಣ್ಣದ ಮಗುವಿಗೆ ಉಣಿಸಲು ಹೂಡಿದ ಉಪಾಯವಿದು ಎಂಬುದನ್ನು ಮರೆಯಬಾರದು. ತಾಯಿಯ ಚಿಂತೆ ಮಗು ಬಡಕಲಾಗಿದೆ ಎಂಬುದೇ.

ಮೂರನೆಯ ದಾರಿ ನಿದ್ರೆಯದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ನಗರ ಮತ್ತು ಅರೆನಗರ ಪ್ರದೇಶದ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರದರ್ಶನ ವೀಕ್ಷಣೆ ಮತ್ತು ಕಡಿಮೆ ನಿದ್ರೆ ಎರಡಕ್ಕೂ ಅಧಿಕ ತೂಕದೊಡನೆ ಸಂಬಂಧ ಕಂಡುಬಂದಿತು. ಆರರಿಂದ ಹನ್ನೆರಡು ವಯಸ್ಸಿನವರಿಗೆ ಒಂಬತ್ತರಿಂದ ಹನ್ನೆರಡು ಗಂಟೆಗಳ ನಿದ್ರೆ ಅಗತ್ಯವೆಂಬುದು ತಜ್ಞರ ಅಭಿಪ್ರಾಯ. ಒಂದೇ ಕೋಣೆಯ ಮನೆಯಲ್ಲಿ ಹಿರಿಯರ ಧಾರಾವಾಹಿ ಮುಗಿಯದೆ ಮಗುವಿಗೆ ನಿದ್ರೆಯಿಲ್ಲ. ಇದು ಮಗುವಿನ 'ಪರದೆಯ ಅವಧಿ'ಯಾಗಿ ಯಾವ ಪ್ರಶ್ನಾವಳಿಯಲ್ಲಿಯೂ ದಾಖಲಾಗುವುದಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ಎರಡು ವರ್ಷದೊಳಗೆ ಪರದೆ ಬೇಡವೆಂದೂ, ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆಯಿರಬೇಕೆಂದೂ ಸೂಚಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ ಶಾಲಾ ವಯಸ್ಸಿನವರಿಗೆ ಗಂಟೆಯ ಮಿತಿಯನ್ನು ನಮೂದಿಸದೆ, ಮನರಂಜನೆಯ ಪರದೆಯನ್ನು ಕಡಿಮೆಮಾಡಬೇಕೆಂದಷ್ಟೇ ಹೇಳಿದೆ.

ಹಳ್ಳಿಗೆ ಪರದೆ ತಲುಪಿದ ವೇಗವನ್ನು 'ಅಸರ್' ಸಮೀಕ್ಷೆಗಳು ತೋರಿಸುತ್ತವೆ. ದೇಶದ ಗ್ರಾಮೀಣ ಶಾಲಾ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇ. 36ರಷ್ಟಿದ್ದುದು 2021ರಲ್ಲಿ ಶೇ. 67ನ್ನು ದಾಟಿತು, 2022ರಲ್ಲಿ ಶೇ. 75ರ ಸಮೀಪಕ್ಕೆ ಬಂದಿತು. ಈ ಜಿಗಿತದ ನಡುವೆ ಇರುವುದು ಕೋವಿಡ್ ಕಾಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ಕಲಬುರಗಿಯಲ್ಲಿ. ಆ ತಿಂಗಳು ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳ ಕಾಲ ಶಾಲೆಯೇ ಮೊಬೈಲಿನೊಳಗಿತ್ತು. ಪರದೆಯನ್ನು ಕೈಗೆ ಕೊಟ್ಟವರು ನಾವೇ, ಅದೂ ವಿದ್ಯೆಯ ಹೆಸರಿನಲ್ಲಿ.

ಕಮಲಾಪುರದ ತಾಂಡಾಗಳ ವಿಷಯದಲ್ಲಿ ಇನ್ನೊಂದು ಮಾತು. ಇಲ್ಲಿನ ಅನೇಕ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಮಕ್ಕಳು ಅಜ್ಜಿಯರ ಬಳಿ ಉಳಿಯುತ್ತಾರೆ. ಅವರ ಪಾಲಿಗೆ ಮೊಬೈಲ್ ಪರದೆಯೆಂದರೆ ಎಷ್ಟೋ ಸಂಜೆ ತಾಯಿಯ ಮುಖ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2016ರಲ್ಲಿ ಶಿಶುಗಳಿಗೂ ಕೂಡ ವಿಡಿಯೊ ಕರೆಯನ್ನು ನಿಷೇಧದಿಂದ ಹೊರಗಿಟ್ಟಿತ್ತು. ಅದೇ ಮೊಬೈಲ್ ಕರೆ ಮುಗಿದ ಮೇಲೆ ಮಗುವಿನ ಕೈಯಲ್ಲಿಯೇ ಉಳಿಯುತ್ತದೆ. ತಡೆಯಬೇಕಾದ ಅಜ್ಜಿಗೆ ಅದನ್ನು ನಿಲ್ಲಿಸುವ ಬಗೆ ತಿಳಿದಿರುವುದಿಲ್ಲ. ಗಂಟೆಗಳ ಮೊತ್ತವನ್ನಷ್ಟೇ ಬರೆದುಕೊಳ್ಳುವ ಅಧ್ಯಯನಕ್ಕೆ ಈ ಎರಡು ಅವಧಿಗಳೂ ಒಂದೇ.

ಬೇಸಿಗೆಯ ಎರಡು ತಿಂಗಳು

ಈ ಭಾಗದ ಚರ್ಚೆಯಲ್ಲಿ ಬಿಸಿಲನ್ನು ಬಿಡುವಂತಿಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಪದ್ಧತಿ ಇಲ್ಲಿದೆ. ಹಿರಿಯರೇ ಹೊರಬೀಳದ ಹೊತ್ತಿನಲ್ಲಿ ಮಗು ಬಯಲಿನಲ್ಲಿ ಆಡಬೇಕೆಂದು ನಿರೀಕ್ಷಿಸಲಾಗದು. ಶಾಲೆಗೆ ರಜೆ, ಹೊರಗೆ ಬಿಸಿಲು, ಒಳಗೆ ಪರದೆ. ಅಮೆರಿಕದಲ್ಲಿ ಶಿಶುವಿಹಾರದಿಂದ ಎರಡನೆಯ ತರಗತಿಯವರೆಗೆ ಮಕ್ಕಳನ್ನು ಹಿಂಬಾಲಿಸಿದ ವಾನ್ ಹಿಪ್ಪೆಲ್ ಮತ್ತು ವರ್ಕ್‌ಮನ್ ಅವರ 2016ರ ಅಧ್ಯಯನದಲ್ಲಿ ಅಧಿಕ ತೂಕದ ಪ್ರಮಾಣ ಏರಿದ್ದೆಲ್ಲವೂ ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುವ ತಿಂಗಳುಗಳಲ್ಲಿ ಏರಿಕೆ ಇರಲಿಲ್ಲ. ಕಲಬುರಗಿಯ ಮಧ್ಯಮ ವರ್ಗದ ಮಗುವಿಗೆ ಇದು ಅನ್ವಯಿಸುವ ಸಂಭವ ಹೆಚ್ಚೆಂದು ತರ್ಕಿಸಬಹುದು.

ಕಮಲಾಪುರದ ಸರ್ಕಾರಿ ಶಾಲೆಯ ಮಗುವಿಗೆ ರಜೆಯ ಅರ್ಥ ಬೇರೆ. ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹವು 2002ರಲ್ಲಿ ಆರಂಭಗೊಂಡದ್ದು ಗುಲಬರ್ಗಾವನ್ನು ಒಳಗೊಂಡ ಹಿಂದುಳಿದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಹಾಲು ನೀಡುವ ಕ್ಷೀರಭಾಗ್ಯ ಸೇರಿತು. ಪ್ರಾಥಮಿಕ ಹಂತದ ಊಟಕ್ಕೆ ನಿಗದಿಯಾದ ಪ್ರಮಾಣ 450 ಕ್ಯಾಲರಿ ಶಕ್ತಿ, 12 ಗ್ರಾಂ ಸಸಾರಜನಕ. ರಜೆ ಬಂದೊಡನೆ ಈ ಊಟ, ಹಾಲು, ಮೊಟ್ಟೆಗಳು ಒಟ್ಟಿಗೆ ನಿಲ್ಲುತ್ತವೆ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡುವ ಏರ್ಪಾಡಾದದ್ದು ಈ ಕೊರತೆಯ ಅರಿವಿನಿಂದಲೇ. ಹೀಗೆ ಒಂದೇ ಎರಡು ತಿಂಗಳು ಒಂದು ಮಗುವಿನ ತೂಕವನ್ನು ಏರಿಸಿ ಇನ್ನೊಂದರದನ್ನು ಇಳಿಸಬಲ್ಲುದು. ಜಿಲ್ಲೆಯ ಸರಾಸರಿಯನ್ನು ತೆಗೆದಾಗ ಈ ಏರಿಕೆ ಇಳಿಕೆಗಳು ಒಂದನ್ನೊಂದು ಅಳಿಸಿಹಾಕಿ, ಏನೂ ಆಗಿಲ್ಲವೆಂಬ ಸಂಖ್ಯೆ ಉಳಿಯುತ್ತದೆ.

ಎರಡೂ ಊರುಗಳು ಸಮಾನವಾಗಿರುವ ಒಂದು ಸ್ಥಳ ಕಿರಾಣಿ ಅಂಗಡಿ. ಐದು-ಹತ್ತು ರೂಪಾಯಿಯ ಪೊಟ್ಟಣಗಳ ಮಾಲೆ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯಲ್ಲಿ ತೂಗುವಂತೆಯೇ ತಾಂಡಾದ ಅಂಗಡಿಯಲ್ಲೂ ತೂಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಅಧಿಕ ಕೊಬ್ಬು, ಸಕ್ಕರೆ, ಉಪ್ಪು ಇರುವ ತಿನಿಸುಗಳ ಮಾರಾಟವನ್ನು ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗೆ ನಿಷೇಧಿಸಿವೆ. ಐವತ್ತು ಮೀಟರ್ ಎಂದರೆ ಎಂಟು ವರ್ಷದ ಮಗುವಿನ ಒಂದು ಓಟ.

ಅಳತೆಯ ವ್ಯವಸ್ಥೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಭೇಟಿ ನೀಡಿ ಮಕ್ಕಳನ್ನು ತಪಾಸಿಸುತ್ತವೆ. ಅನುದಾನರಹಿತ ಖಾಸಗಿ ಶಾಲೆಗಳು ಇದರ ವ್ಯಾಪ್ತಿಗೆ ಹೊರಗು. ಎಂದರೆ ಕಮಲಾಪುರದ ಮಗುವಿನ ಎತ್ತರ-ತೂಕಗಳು ಒಂದು ಕಡತದಲ್ಲಾದರೂ ಇವೆ. ಕಲಬುರಗಿಯಲ್ಲಿ ಅಧಿಕ ತೂಕ ಹೆಚ್ಚಾಗಿರಬಹುದೆಂದು ನಾವು ಊಹಿಸುವ ಮಕ್ಕಳ ಅಳತೆಗಳು ಸಾರ್ವಜನಿಕ ದಾಖಲೆಯಲ್ಲಿಯೇ ಇಲ್ಲ. ಕೃಶತೆಯನ್ನು ಹುಡುಕಲು ರೂಪಿತವಾದ ವ್ಯವಸ್ಥೆಯಿಂದ ಸ್ಥೂಲತೆಯ ಲೆಕ್ಕವನ್ನು ತೆಗೆಯಲಾಗದು. ವರ್ಷಕ್ಕೊಮ್ಮೆ, ತಂಡದ ಅನುಕೂಲದ ತಿಂಗಳಲ್ಲಿ ನಡೆಯುವ ಅಳತೆಯಿಂದ ಬೇಸಿಗೆಯ ಪರಿಣಾಮವೂ ತಿಳಿಯದು.

ಇದಕ್ಕೆ ಬೇಕಾದ ಸಾಧನಗಳು ದುಬಾರಿಯವಲ್ಲ: ಪರೀಕ್ಷಿಸಿದ ಒಂದು ತೂಕದ ಯಂತ್ರ, ಗೋಡೆಗೆ ನೇರವಾಗಿ ಜೋಡಿಸಿದ ಎತ್ತರಮಾಪಕ, ಸೊಂಟದ ಸುತ್ತಳತೆಗೆ ಒಂದು ಟೇಪು, ಹುಟ್ಟಿದ ದಿನವನ್ನು ತಾಯಿ ಕಾರ್ಡಿನೊಡನೆ ತಾಳೆ ನೋಡುವ ತಾಳ್ಮೆ. ಏಪ್ರಿಲ್ ಮೊದಲ ವಾರದಲ್ಲಿ ಒಮ್ಮೆ, ಶಾಲೆ ತೆರೆದ ಜೂನ್ ಮೊದಲ ವಾರದಲ್ಲಿ ಇನ್ನೊಮ್ಮೆ, ಎರಡೂ ಊರುಗಳ ಎಲ್ಲ ಬಗೆಯ ಶಾಲೆಗಳಲ್ಲಿ ಅದೇ ಮಕ್ಕಳನ್ನು ಅಳೆದರೆ, ರಜೆಯು ಯಾರ ತೂಕವನ್ನು ಯಾವ ಕಡೆಗೆ ಒಯ್ಯುತ್ತದೆ ಎಂಬುದು ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ. ಆ ಪಟ್ಟಿಯಲ್ಲಿ ತೂಕದ ಅಂಕಣಕ್ಕಿಂತ ಮೊದಲು ಎತ್ತರದ ಅಂಕಣವಿರಬೇಕು.